ಬೋಟಿನ ಸೆಲ್ಫ್ ತಿರುಗುತ್ತಿಲ್ಲವೇ? ಬ್ಯಾಟರಿ ಬದಲಿಸುವ ಮುಂಚೆ ದಾರಿ ನೋಡಿ

ಕೀ ತಿರುಗಿಸುತ್ತೀರಿ. ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಸೆಲ್ಫ್ ತಿರುಗುವುದಿಲ್ಲ. ಆದರೆ ಹಾರ್ನ್ ಹೊಡೆಯುತ್ತದೆ, ಲೈಟ್ ಉರಿಯುತ್ತದೆ, ಮ್ಯೂಸಿಕ್ ಸಿಸ್ಟಂ ಚೆನ್ನಾಗಿಯೇ ಹಾಡುತ್ತದೆ. ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: “ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ.”

ಹೊಸ ಬ್ಯಾಟರಿ ಹಾಕಿದರೆ ಒಂದೆರಡು ಸಲ ಸ್ಟಾರ್ಟ್ ಆಗಲೂಬಹುದು. ಆಮೇಲೆ ಮತ್ತೆ ಅದೇ ‘ಟಕ್’. ಯಾಕೆಂದರೆ ಎಷ್ಟೋ ಸಲ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅಲ್ಲಿಂದ ಇಂಜಿನ್‌ಗೆ ಹೋಗಿ ವಾಪಸ್ ಬರುವ ದಾರಿಯ ಯಾವುದೋ ಒಂದು ಜಾಯಿಂಟ್. ಅದನ್ನು ಹಿಡಿಯಬೇಕಾದರೆ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಸ್ವಿಚ್ ಆಫ್ ಮಾಡಿ ಅಳೆದರೆ ಕೆಟ್ಟ ಜಾಯಿಂಟೂ ಒಳ್ಳೆಯದಾಗಿಯೇ ಕಾಣುತ್ತದೆ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಬೆಂಗಳೂರಿನಲ್ಲಿ ಬೋಟ್ ಇಟ್ಟುಕೊಂಡವರಿಗೆ ಇದು ಇನ್ನೂ ಮುಖ್ಯ. ನಮ್ಮ ಬೋಟು ನೀರಿನಲ್ಲಿ ಓಡುವುದಕ್ಕಿಂತ ಟ್ರೇಲರ್ ಮೇಲೆ ನಿಂತಿರುವುದೇ ಜಾಸ್ತಿ. ಮಳೆಗಾಲ ಪೂರ್ತಿ ಟಾರ್ಪಾಲಿನ್ ಕೆಳಗೆ. ಬೇಸಿಗೆಯಲ್ಲಿ ಕಾದ ತಗಡಿನ ಶೆಡ್ಡಿನಲ್ಲಿ. ನಡುವೆ ಯಾವಾಗಲೋ ಒಂದು ಸಲ ಹಿನ್ನೀರಿಗೆ, ಇಲ್ಲವೇ ಮಲ್ಪೆ, ಕಾರವಾರದ ಕಡೆ ಉಪ್ಪುನೀರಿಗೆ. ಹೀಗೆ ನಿಂತು ನಿಂತು ಓಡುವ ಬೋಟಿನಲ್ಲಿ ಮೊದಲು ಕೆಡುವುದು ವೈರಿಂಗ್. ಅದು ಕೈಕೊಡುವುದು ಊರಿನಿಂದ ನೂರಾರು ಕಿಲೋಮೀಟರ್ ಆಚೆ, ನೀರಿನ ಮಧ್ಯೆ.

ಕರೆಂಟ್ ಹೋಗುವ ದಾರಿ, ಬರುವ ದಾರಿ

ಸಣ್ಣ ಮೋಟಾರ್ ಬೋಟಿನ ವ್ಯವಸ್ಥೆ 12 ವೋಲ್ಟಿನದು. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ದಪ್ಪ ಕೇಬಲ್ ಬ್ಯಾಟರಿ ಸ್ವಿಚ್‌ಗೆ ಹೋಗುತ್ತದೆ. ಅಲ್ಲಿಂದ ಒಂದು ಕವಲು ಇಂಜಿನ್‌ನ ಸ್ಟಾರ್ಟರ್‌ಗೆ, ಅಂದರೆ ಸೆಲ್ಫಿಗೆ, ಇನ್ನೊಂದು ಫ್ಯೂಸ್ ದಾಟಿ ಸ್ವಿಚ್ ಪ್ಯಾನೆಲ್‌ಗೆ. ಪ್ಯಾನೆಲ್‌ನಿಂದ ಲೈಟು, ಹಾರ್ನ್, ಜಿಪಿಎಸ್ ಎಲ್ಲಕ್ಕೂ ಒಂದೊಂದು ವೈರ್. ಬಿಲ್ಜ್ ಪಂಪ್, ಅಂದರೆ ತಳದಲ್ಲಿ ಸೇರಿದ ನೀರನ್ನು ಎತ್ತಿ ಹಾಕುವ ಪಂಪ್, ಮಾತ್ರ ಬೇರೆ. ನೀರು ಏರಿದಾಗ ಪಂಪನ್ನು ತಾನೇ ಓಡಿಸುವ ಅದರ ಫ್ಲೋಟ್ ಸ್ವಿಚ್ಚಿಗೆ ತನ್ನದೇ ಫ್ಯೂಸ್ ಮೂಲಕ ಬ್ಯಾಟರಿಯಿಂದ ನೇರ ಸಂಪರ್ಕ ಇರುತ್ತದೆ. ಬ್ಯಾಟರಿ ಸ್ವಿಚ್ ಆಫ್ ಮಾಡಿ ನೀವು ಮನೆಗೆ ಹೋದ ಮೇಲೂ ಅದು ಕೆಲಸ ಮಾಡಬೇಕಲ್ಲವೇ, ಅದಕ್ಕೆ.

ಇಷ್ಟು ಹೋಗುವ ದಾರಿ. ವಾಪಸ್ ಬರುವ ದಾರಿಯಲ್ಲೇ ನಮ್ಮ ಊರಿನ ಮೆಕ್ಯಾನಿಕ್‌ಗಳು ಎಡವುವುದು. ಕಾರಿನಲ್ಲಿ ಬಾಡಿಯೇ ನೆಗೆಟಿವ್. ಲೈಟಿನ ಒಂದು ವೈರನ್ನು ಹತ್ತಿರದ ಬೋಲ್ಟಿಗೆ ಬಿಗಿದರೆ ‘ಬಾಡಿ ಅರ್ಥ್’ ಆಯಿತು. ಫೈಬರ್ ಬೋಟಿನಲ್ಲಿ ಬಾಡಿ ಕರೆಂಟನ್ನು ಒಯ್ಯುವುದೇ ಇಲ್ಲ. ಪ್ರತಿಯೊಂದು ಲೈಟಿಗೂ, ಪಂಪಿಗೂ ಅದರದೇ ನೆಗೆಟಿವ್ ವೈರ್ ಇರಬೇಕು. ಅವೆಲ್ಲ, ವೈರುಗಳನ್ನು ಒಟ್ಟಿಗೆ ಬಿಗಿಯುವ ಲೋಹದ ಪಟ್ಟಿಯಾದ ಬಸ್ ಬಾರ್‌ಗೆ ಸೇರಿ, ಅಲ್ಲಿಂದ ಬ್ಯಾಟರಿಗೆ ವಾಪಸ್ ಬರಬೇಕು. ಅಲ್ಯೂಮಿನಿಯಂ ಬೋಟ್ ಆದರೂ ಬಾಡಿಯನ್ನು ದಾರಿಯಾಗಿ ಬಳಸಬಾರದು. ಬಳಸಿದರೆ ನೀರಿನಲ್ಲಿರುವ ಲೋಹ ತಿಂದುಹೋಗುತ್ತದೆ.

ಜೆಸಿ ರಸ್ತೆಯ ಆಟೊ ಎಲೆಕ್ಟ್ರಿಷಿಯನ್‌ಗಳ ಕೈಚಳಕದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಸ್ಟಾರ್ಟರ್ ಬಿಚ್ಚಿ ಬ್ರಷ್ ಬದಲಿಸಿ ಮತ್ತೆ ಜೋಡಿಸುವುದರಲ್ಲಿ ಅವರಿಗೆ ಸಾಟಿಯಿಲ್ಲ. ಆದರೆ ಅವರು ನೋಡಿ ಬೆಳೆದದ್ದು ಕಾರು. ಹಾಗಾಗಿ ಪಾಸಿಟಿವ್ ಕಡೆಯನ್ನೆಲ್ಲ ಜಾಲಾಡಿ, ನೆಗೆಟಿವ್ ಕಡೆ ಒಂದು ಬೋಲ್ಟ್ ಬಿಗಿದು ಬಿಟ್ಟುಬಿಡುತ್ತಾರೆ. ಬೋಟಿನಲ್ಲಿ ಎರಡು ಕಡೆಯೂ ಅಷ್ಟೇ ಉದ್ದ, ಅಷ್ಟೇ ಜಾಯಿಂಟುಗಳು. ದೋಷವೂ ಎರಡು ಕಡೆ ಸಮನಾಗಿ ಬರಬಹುದು.

ಕೈಯಲ್ಲಿ ಏನಿರಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್. ಎಸ್‌ಪಿ ರಸ್ತೆಯಲ್ಲಿ ಸಿಗುವ ಸಾಧಾರಣದ್ದೇ ಸಾಕು. ಮೊಸಳೆ ಕ್ಲಿಪ್ ಹಾಕಿದ ಉದ್ದನೆಯ ವೈರ್ ಒಂದು. ವೈರ್ ಬ್ರಷ್, ಸ್ಯಾಂಡ್‌ಪೇಪರ್, ಸ್ಪ್ಯಾನರ್. ಇದರ ಜೊತೆಗೆ ಕಾರಿನ ಇಂಡಿಕೇಟರ್‌ಗೆ ಹಾಕುವ 21 ವ್ಯಾಟಿನ ಬಲ್ಬ್ ಒಂದನ್ನು ಹೋಲ್ಡರ್‌ಗೆ ಹಾಕಿ, ಎರಡು ವೈರ್ ಬೆಸೆದು ಇಟ್ಟುಕೊಳ್ಳಿ. ಈ ಬಲ್ಬು ಮೀಟರ್‌ನಷ್ಟೇ ಮುಖ್ಯ.

ಯಾಕೆ ಅಂತ ಹೇಳುತ್ತೇನೆ. ಮೀಟರ್ ತನ್ನೊಳಗೆ ಎಳೆದುಕೊಳ್ಳುವ ಕರೆಂಟ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಷ್ಟು. ಒಂದು ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12.6 ಅಂತಲೇ ತೋರಿಸುತ್ತದೆ. ಬಲ್ಬ್ ಹಾಗಲ್ಲ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ದಾರಿ ಸರಿಯಿಲ್ಲದಿದ್ದರೆ ಮಂಕಾಗಿ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. ಹಳೆಯ ಮನೆಯ ಕಿಲುಬು ಹಿಡಿದ ಪೈಪ್ ನೆನಪಿಸಿಕೊಳ್ಳಿ. ನಲ್ಲಿ ಮುಚ್ಚಿದ್ದಾಗ ಒತ್ತಡ ಸರಿಯಾಗಿಯೇ ಇರುತ್ತದೆ. ತೆರೆದಾಗಲೇ ನೀರು ಸಣ್ಣಗೆ ಬರುವುದು ಗೊತ್ತಾಗುವುದು.

ಕೆಲಸ ಶುರು ಮಾಡುವ ಮುಂಚೆ ಉಂಗುರ, ಬಳೆ, ಲೋಹದ ಪಟ್ಟಿಯ ವಾಚ್ ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಪೆಟ್ರೋಲ್ ವಾಸನೆ ಇದ್ದರೆ ಯಾವ ವೈರನ್ನೂ ಮುಟ್ಟಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಬೋಟಿನ ತಳದಲ್ಲೇ ಕೂತಿರುತ್ತದೆ, ಒಂದು ಕಿಡಿ ಸಾಕು. ಬೋಟಿನ ಒಳಗೇ ಕೂರಿಸಿದ ಪೆಟ್ರೋಲ್ ಇಂಜಿನ್ ಆದರೆ ಸ್ಟಾರ್ಟ್ ಮಾಡುವ ಮುಂಚೆ ಕನಿಷ್ಠ 4 ನಿಮಿಷ ಬ್ಲೋವರ್, ಅಂದರೆ ಆವಿಯನ್ನು ಹೊರಗೆ ತಳ್ಳುವ ಫ್ಯಾನ್, ಓಡಿಸಲೇಬೇಕು. ಶೆಡ್ಡಿನಲ್ಲಿ ನಿಂತಿದ್ದರೂ ಅಷ್ಟೇ.

ಮೊದಲು ಬ್ಯಾಟರಿಯನ್ನೇ ನೋಡಿ

ದಾರಿ ನೋಡಿ ಅಂದೆ ನಿಜ. ಆದರೆ ಬ್ಯಾಟರಿ ಸರಿಯಿದೆ ಅಂತ ಖಚಿತವಾಗದೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು, ಬ್ಯಾಟರಿಯ ಮೇಲೆ ಎದ್ದಿರುವ ಸೀಸದ ಎರಡು ಪೋಸ್ಟ್‌ಗಳ ಮಧ್ಯೆ ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿ 12.6ರಿಂದ 12.7 ತೋರಿಸಿದರೆ ಪೂರ್ತಿ ಚಾರ್ಜ್ ಆಗಿದೆ. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 12.4ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮುಂದುವರಿಯಿರಿ.

ಮೀಟರ್ ಕಡ್ಡಿಗಳನ್ನು ಪೋಸ್ಟ್ ಮೇಲೆ ಒತ್ತಿ ಹಿಡಿದು ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. ಸೆಲ್ಫ್ ಎಳೆಯುವಾಗ ವೋಲ್ಟೇಜ್ ಬಿದ್ದೇ ಬೀಳುತ್ತದೆ. ಆದರೆ 10ರ ಆಸುಪಾಸಿಗಿಂತ ಕೆಳಗೆ ಜಾರಬಾರದು. 12.6 ಇದ್ದದ್ದು ಕೀ ತಿರುಗಿಸಿದ ಕೂಡಲೇ 7ಕ್ಕೋ 8ಕ್ಕೋ ಕುಸಿದರೆ ಬ್ಯಾಟರಿಯೇ ಕೆಟ್ಟಿದೆ ಅನ್ನಬಹುದು. ಸೆಲ್ಫ್ ಜಾಮ್ ಆಗಿದ್ದರೂ ಹೀಗಾಗುತ್ತದೆ, ಆದ್ದರಿಂದ ಇನ್ನೊಂದು ಒಳ್ಳೆಯ ಬ್ಯಾಟರಿ ಹಾಕಿ ಹೋಲಿಸಿ ನೋಡಿ. ‘ಟಕ್’ ಅಂದಾಗಲೂ ಬ್ಯಾಟರಿ ಪೋಸ್ಟ್‌ನಲ್ಲಿ 11ಕ್ಕಿಂತ ಜಾಸ್ತಿ ಉಳಿದಿದ್ದರೆ ಬ್ಯಾಟರಿಯ ತಪ್ಪಿಲ್ಲ. ಅದು ಕೊಡಲು ತಯಾರಿದೆ, ತಲುಪಿಸುವ ದಾರಿ ಇಲ್ಲ.

ಮನೆಯ ಇನ್ವರ್ಟರ್‌ನ ಟ್ಯೂಬುಲರ್ ಬ್ಯಾಟರಿಯನ್ನು ತಂದು ಬೋಟಿಗೆ ಹಾಕುವವರಿದ್ದಾರೆ. ಬೇಡ. ನಿಧಾನಕ್ಕೆ, ಗಂಟೆಗಟ್ಟಲೆ ಕರೆಂಟ್ ಕೊಡುವುದಕ್ಕೆ ಅದನ್ನು ಮಾಡಿರುವುದು. ಕೆಲವೇ ಸೆಕೆಂಡ್ ಸೆಲ್ಫ್ ತಿರುಗಿಸಲು ಬೇಕಾದ ಭಾರಿ ಕರೆಂಟಿಗೆ ಅದು ತಕ್ಕದ್ದಲ್ಲ.

‘ಟಕ್’ ಅನ್ನುತ್ತದೆ, ತಿರುಗುವುದಿಲ್ಲ

ಮ್ಯೂಸಿಕ್ ಸಿಸ್ಟಂ ಹಾಡುತ್ತಿರುವಾಗ ಸೆಲ್ಫ್ ಯಾಕೆ ತಿರುಗುವುದಿಲ್ಲ? ಲೆಕ್ಕ ಹಾಕಿ ನೋಡೋಣ. ಕೇಬಲ್ಲಿನ ತುದಿಗೆ ಹಾಕುವ ಲೋಹದ ಕೊಂಡಿಯಾದ ಒಂದು ಲಗ್‌ನ ಒಳಗೆ ಕಿಲುಬು ಕೂತು 0.01 ಓಮ್ ತಡೆ ಬಂದಿದೆ ಅಂತಿಟ್ಟುಕೊಳ್ಳಿ. ಮ್ಯೂಸಿಕ್ ಸಿಸ್ಟಂ ಎಳೆಯುವುದು 2 ಆಂಪಿಯರ್. ಆಗ ಆ ಜಾಯಿಂಟ್‌ನಲ್ಲಿ ಹೋಗುವುದು 0.02 ವೋಲ್ಟ್. ಯಾರಿಗೂ ಗೊತ್ತಾಗುವುದಿಲ್ಲ. ಅದೇ ದಾರಿಯಲ್ಲಿ ಸೆಲ್ಫ್ 150 ಆಂಪಿಯರ್ ಎಳೆದರೆ 1.5 ವೋಲ್ಟ್ ಅಲ್ಲೇ ಹೋಯಿತು. ಅಂಥ ಜಾಯಿಂಟ್ ಎರಡಿದ್ದರೆ ಸೆಲ್ಫ್ ತಿರುಗಲಾರದು. ಸೆಲ್ಫಿಗೆ ಕರೆಂಟ್ ಜೋಡಿಸುವ ಸ್ವಿಚ್, ಅಂದರೆ ಸೊಲೆನಾಯ್ಡ್, ಮಾತ್ರ ಕಡಿಮೆ ಕರೆಂಟಿನಲ್ಲೇ ಎಳೆದುಕೊಂಡು ‘ಟಕ್’ ಅನ್ನುತ್ತದೆ.

ಈ 0.01 ಓಮನ್ನು ಮಲ್ಟಿಮೀಟರ್‌ನ ಓಮ್ ರೇಂಜಿನಲ್ಲಿ ಹಿಡಿಯಲು ಹೋಗಬೇಡಿ. ಮೀಟರ್‌ನ ಕಡ್ಡಿ, ವೈರುಗಳ ತಡೆಯೇ ಅದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಬೀಪ್ ಸದ್ದಿನ ಕಂಟಿನ್ಯುಟಿ ಪರೀಕ್ಷೆಯಲ್ಲೂ ಕೆಟ್ಟ ಕೇಬಲ್ ಪಾಸಾಗುತ್ತದೆ. ಇಲ್ಲಿ ಬೇಕಾಗಿರುವುದು ವೋಲ್ಟೇಜ್ ಡ್ರಾಪ್ ಪರೀಕ್ಷೆ.

ಇಂಜಿನ್ ಸ್ಟಾರ್ಟ್ ಆಗದಂತೆ, ಅದನ್ನು ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ತೆಗೆಯಿರಿ. ಬೋಟಿನ ಹಿಂಬದಿಯ ಹೊರಗೆ ಕೂರಿಸುವ ಬಹಳಷ್ಟು ಔಟ್‌ಬೋರ್ಡ್‌ಗಳಲ್ಲಿ ಕ್ಲಿಪ್ ತೆಗೆದರೂ ಸೆಲ್ಫ್ ತಿರುಗುತ್ತದೆ, ಸ್ಪಾರ್ಕ್ ಮಾತ್ರ ಬರುವುದಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಪ್ರೊಪೆಲ್ಲರ್ ಹತ್ತಿರ ಯಾರೂ ನಿಲ್ಲಬಾರದು. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ.

ಈಗ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಪೋಸ್ಟ್‌ಗೆ. ಮೇಲಿನ ಕ್ಲಾಂಪಿಗಲ್ಲ, ಸೀಸದ ಪೋಸ್ಟ್‌ಗೇ. ಇನ್ನೊಂದು ಕಡ್ಡಿ ಸ್ಟಾರ್ಟರ್ ಮೋಟಾರಿನ ಪಾಸಿಟಿವ್ ಬೋಲ್ಟಿಗೆ. ಜೊತೆಯವರು ಕೀ ತಿರುಗಿಸಿ ಎರಡು ಮೂರು ಸೆಕೆಂಡ್ ಹಿಡಿಯಲಿ. ಕೀ ತಿರುಗಿಸುವ ಮುಂಚೆ ಮೀಟರ್ ಏನು ತೋರಿಸುತ್ತದೆ ಅನ್ನುವುದು ಬೇಡ, ಕೀ ಹಿಡಿದಾಗ ಬಂದ ಅಂಕಿಯನ್ನಷ್ಟೇ ಬರೆದುಕೊಳ್ಳಿ. ಪಾಸಿಟಿವ್ ಕಡೆ ಒಟ್ಟು ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅನ್ನುವುದು ಆ ಅಂಕಿ. ಅರ್ಧ ವೋಲ್ಟಿನ ಒಳಗಿದ್ದರೆ ಪರವಾಗಿಲ್ಲ. ಆಮೇಲೆ ನೆಗೆಟಿವ್ ಕಡೆಗೂ ಇದನ್ನೇ ಮಾಡಿ. ಒಂದು ಕಡ್ಡಿ ನೆಗೆಟಿವ್ ಪೋಸ್ಟ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ನಲ್ಲಿ ಪೇಂಟ್ ಇಲ್ಲದ ಜಾಗಕ್ಕೆ. ಇಲ್ಲೂ ಅರ್ಧ ವೋಲ್ಟ್ ದಾಟಬಾರದು, ಇನ್ನೂ ಕಡಿಮೆ ಇದ್ದಷ್ಟೂ ಒಳ್ಳೆಯದು.

ಯಾವ ಕಡೆ ಜಾಸ್ತಿ ಬಂತೋ ಆ ಕಡೆ ಒಂದೊಂದೇ ಹೆಜ್ಜೆ ಹತ್ತಿರ ಬನ್ನಿ. ಪೋಸ್ಟ್‌ನಿಂದ ಕ್ಲಾಂಪ್, ಕ್ಲಾಂಪಿನಿಂದ ಕೇಬಲ್ ಲಗ್, ಲಗ್‌ನಿಂದ ಸ್ವಿಚ್ಚಿನ ಬೋಲ್ಟ್, ಸ್ವಿಚ್ಚಿನ ಒಂದು ಬೋಲ್ಟಿನಿಂದ ಇನ್ನೊಂದು, ಹೀಗೆ. ಒಳ್ಳೆಯ ಜಾಯಿಂಟ್‌ನಲ್ಲಿ 0.1 ವೋಲ್ಟಿಗಿಂತ ಜಾಸ್ತಿ ಹೋಗಬಾರದು. ಎಲ್ಲಿ ಅಂಕಿ ದಿಢೀರಂತ ಹಾರುತ್ತದೋ ಅಲ್ಲೇ ದೋಷ.

ಒಬ್ಬ ಗೆಳೆಯರ ಬೋಟಿನಲ್ಲಿ ಕಂಡದ್ದನ್ನು ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. ಕಡಲಿಗೆ ಹೋಗಿ ಬಂದು ಶೆಡ್ಡಿನಲ್ಲಿ ಮಳೆಗಾಲ ಕಳೆದ ಬೋಟು ಅದು. ಬ್ಯಾಟರಿ ಹೊಸದು. ಕೀ ತಿರುಗಿಸಿದಾಗ ಪೋಸ್ಟ್‌ನಲ್ಲಿ 11.3 ವೋಲ್ಟ್ ಇದೆ. ಪಾಸಿಟಿವ್ ಕಡೆ 0.4 ಹೋಗುತ್ತಿದೆ. ನೆಗೆಟಿವ್ ಕಡೆ 2.5! ಅಂದರೆ ಸೆಲ್ಫಿಗೆ ಸಿಗುತ್ತಿರುವುದು ಬರೀ 8.4. ನೆಗೆಟಿವ್ ಕೇಬಲ್ ಹೊರಗಿನಿಂದ ನೋಡಲು ಚೆನ್ನಾಗಿತ್ತು. ಲಗ್ ಹೊಳೆಯುತ್ತಿತ್ತು, ಮೇಲೆ ಬಿಸಿ ಮಾಡಿದರೆ ಬಿಗಿಯಾಗುವ ಕಪ್ಪು ಪ್ಲಾಸ್ಟಿಕ್ ಕೊಳವೆ, ಅಂದರೆ ಹೀಟ್ ಶ್ರಿಂಕ್, ಕೂಡ ಇತ್ತು. ಆದರೆ ಲಗ್‌ನ ಪಕ್ಕದಲ್ಲಿ ಬೆರಳಿನಿಂದ ಬಗ್ಗಿಸಿದಾಗ ಒಳಗೆ ಮರಳು ಉಜ್ಜಿದ ಹಾಗೆ ಕರಕರ ಅಂತು. ಬ್ಲೇಡಿನಿಂದ ಸೀಳಿದರೆ ತಾಮ್ರದ ಎಳೆಗಳು ಕಪ್ಪಗಾಗಿದ್ದವು, ನಡುನಡುವೆ ಹಸಿರು ಪುಡಿ. ಇನ್ನೂ ಅರ್ಧ ಅಡಿ ಸೀಳಿದರೂ ಕಪ್ಪೇ. ಉಪ್ಪುನೀರು ಲಗ್‌ನ ಬಾಯಿಂದ ಒಳಗಿಳಿದು ಎಳೆಗಳ ಮಧ್ಯೆ ಹತ್ತಿಕೊಂಡು ಹೋಗಿತ್ತು. ಇಂಥ ಕೇಬಲ್ಲಿನ ತುದಿ ಕತ್ತರಿಸಿ ಹೊಸ ಲಗ್ ಹಾಕಿದರೆ ಆಗುವುದಿಲ್ಲ, ಕೇಬಲ್ಲನ್ನೇ ಬದಲಿಸಬೇಕು. ಬದಲಿಸಿದ ಮೇಲೆ ಅದೇ ಬ್ಯಾಟರಿಯಲ್ಲಿ ಸೆಲ್ಫ್ ಒಂದೇ ಏಟಿಗೆ ತಿರುಗಿತು.

ಎರಡೂ ಕಡೆ ಡ್ರಾಪ್ ಕಡಿಮೆಯಿದ್ದು, ಸ್ಟಾರ್ಟರ್ ಬೋಲ್ಟಿಗೂ ಬ್ಲಾಕಿಗೂ ಮಧ್ಯೆ 10ಕ್ಕಿಂತ ಜಾಸ್ತಿ ವೋಲ್ಟ್ ಬರುತ್ತಿದ್ದರೂ ತಿರುಗದಿದ್ದರೆ, ಆಗ ಸ್ಟಾರ್ಟರ್ ಬಿಚ್ಚಿ. ಬ್ರಷ್ ಸವೆದಿರಬಹುದು, ಗೇರ್ ಸಿಕ್ಕಿಕೊಂಡಿರಬಹುದು. ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನ ಕೊಡಿ. ಒಳಗೆ ಕೂತ ಪೆಟ್ರೋಲ್ ಇಂಜಿನ್ನಿಗೆ ಕಾರಿನ ಸ್ಟಾರ್ಟರ್ ಅಥವಾ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಬೇಡಿ. ಅಳತೆ ಸರಿಯಾಗಿ ಕೂತರೂ ಬೇಡ, ಬೆಲೆ ಕಡಿಮೆಯಾದರೂ ಬೇಡ. ಬೋಟಿನ ಬಿಡಿಭಾಗಗಳನ್ನು ಕಿಡಿಯಿಂದ ಹೊರಗಿನ ಆವಿ ಹೊತ್ತಿಕೊಳ್ಳದ ಹಾಗೆ ಮಾಡಿರುತ್ತಾರೆ. ಕಾರಿನ ಇಂಜಿನ್ ಕೆಳಗೆ ತೆರೆದ ಗಾಳಿ ಇರುತ್ತದೆ, ಬೋಟಿನಲ್ಲಿ ಅದು ಮುಚ್ಚಿದ ಪೆಟ್ಟಿಗೆ.

ಟಕ್ ಅಂತಲೂ ಇಲ್ಲ

ಸದ್ದೇ ಇಲ್ಲದಿದ್ದರೆ ದೋಷ ದಪ್ಪ ಕೇಬಲ್ಲಿನಲ್ಲಿರುವ ಸಾಧ್ಯತೆ ಕಡಿಮೆ, ಕೀ ಕಡೆಯ ಸಣ್ಣ ವೈರಿನಲ್ಲಿ ಜಾಸ್ತಿ. ಮೊದಲು ಗೇರ್ ಹಿಡಿ ನಿಜವಾಗಿ ನ್ಯೂಟ್ರಲ್‌ನಲ್ಲಿದೆಯಾ ನೋಡಿ. ಕೀ ಹಿಡಿದುಕೊಂಡೇ ಹಿಡಿಯನ್ನು ಆ ಕಡೆ ಈ ಕಡೆ ಸ್ವಲ್ಪ ಅಲ್ಲಾಡಿಸಿ. ಆಗ ತಿರುಗಿದರೆ, ಗೇರ್ ಬಿದ್ದಿದ್ದಾಗ ಸೆಲ್ಫ್ ತಿರುಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್ ಸರಿಯಾಗಿ ಕೂತಿಲ್ಲ. ಇಂಜಿನ್ ಹತ್ತಿರದ ಮುಖ್ಯ ಫ್ಯೂಸ್ ನೋಡಿ. ಆಮೇಲೆ ಟೆಸ್ಟ್ ಬಲ್ಬಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಸೊಲೆನಾಯ್ಡ್‌ನ ಸಣ್ಣ ವೈರಿಗೆ ಕೊಟ್ಟು ಕೀ ತಿರುಗಿಸಿ. ಬಲ್ಬ್ ಚೆನ್ನಾಗಿ ಉರಿದರೆ ಸೊಲೆನಾಯ್ಡ್ ಅಥವಾ ಅದರ ನೆಗೆಟಿವ್ ಕೆಟ್ಟಿದೆ. ಉರಿಯದಿದ್ದರೆ ಕೀ ಸ್ವಿಚ್, ನ್ಯೂಟ್ರಲ್ ಸ್ವಿಚ್, ಮಧ್ಯದ ಪ್ಲಗ್ ಕನೆಕ್ಟರ್ ಕಡೆ ಹಿಂದಕ್ಕೆ ಹೋಗಿ.

ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಹತ್ತಿಕೊಳ್ಳುವುದಿಲ್ಲ ಅಂದರೆ ಮೊದಲು ಕಿಲ್ ಸ್ವಿಚ್ಚಿನ ಕ್ಲಿಪ್ ಕೂತಿದೆಯಾ ನೋಡಿ. ಸುಮ್ನೆ ಕಾರ್ಬುರೇಟರ್ ಬಿಚ್ಚಬೇಡಿ.

ಬೆಂಗಳೂರಿನ ಪಾರ್ಕಿಂಗ್‌ನಲ್ಲಿ ಕಾರು ಇಟ್ಟವರಿಗೆಲ್ಲ ಗೊತ್ತಿರುವ ಇನ್ನೊಂದು ಕಾರಣ ಇಲಿ. ಟಾರ್ಪಾಲಿನ್ ಕೆಳಗೆ ಬೆಚ್ಚಗೆ, ಕತ್ತಲಾಗಿರುವ ಜಾಗ ಅದಕ್ಕೆ ಇಷ್ಟ. ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಹಾಕಿ ನೋಡಿ. ಕಚ್ಚಿದ ಪ್ಲಾಸ್ಟಿಕ್ ಚೂರು, ಹಿಕ್ಕೆ ಕಂಡರೆ ಮೀಟರ್ ಹಿಡಿಯುವ ಮುಂಚೆ ಇಡೀ ಹಾರ್ನೆಸ್ಸನ್ನು, ಅಂದರೆ ವೈರುಗಳ ಕಟ್ಟನ್ನು, ಕೈಯಿಂದ ತಡವಿ ಪರೀಕ್ಷಿಸಿ.

ಓಡುವಾಗ ಚಾರ್ಜ್ ಆಗುತ್ತಿದೆಯಾ?

ಇಂಜಿನ್ ಓಡುವಾಗ ಬ್ಯಾಟರಿ ಪೋಸ್ಟ್‌ನಲ್ಲಿ 13.8ರಿಂದ 14.4 ವೋಲ್ಟ್ ಕಾಣಬೇಕು. ಔಟ್‌ಬೋರ್ಡ್ ಆದರೆ ಐಡಲ್‌ನಲ್ಲಿ ಸ್ವಲ್ಪ ಕಡಿಮೆ ಇರುತ್ತದೆ, ರೇಸ್ ಕೊಟ್ಟಾಗ ಏರಬೇಕು. ಶೆಡ್ಡಿನಲ್ಲಿ ಓಡಿಸುವುದಾದರೆ ನೀರಿನ ಹೋಸ್ ಜೋಡಿಸದೆ ಓಡಿಸಬೇಡಿ, ವಾಟರ್ ಪಂಪಿನ ರಬ್ಬರ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ.

ವೋಲ್ಟೇಜ್ ಏರದಿದ್ದರೆ ಇಲ್ಲೂ ಅದೇ ಉಪಾಯ. ಆಲ್ಟರ್ನೇಟರ್ ಅಥವಾ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ಔಟ್‌ಪುಟ್‌ನಲ್ಲಿ ಒಮ್ಮೆ ಅಳೆಯಿರಿ, ಬ್ಯಾಟರಿಯಲ್ಲಿ ಒಮ್ಮೆ. ಅಲ್ಲಿ 14.2, ಇಲ್ಲಿ 12.9 ಇದ್ದರೆ ಚಾರ್ಜಿಂಗ್ ಚೆನ್ನಾಗಿದೆ, ಮಧ್ಯದ ಜಾಯಿಂಟ್ ಕೆಟ್ಟಿದೆ. ಎರಡೂ ಕಡೆ 12.4 ಇದ್ದರೆ ಆಲ್ಟರ್ನೇಟರ್, ಇಲ್ಲವೇ ಔಟ್‌ಬೋರ್ಡಿನ ಕರೆಂಟ್ ಹುಟ್ಟಿಸುವ ಸ್ಟೇಟರ್, ರೆಕ್ಟಿಫೈಯರ್ ಕಡೆ ನೋಡಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಕೂಡಲೇ ನಿಲ್ಲಿಸಿ, ಬ್ಯಾಟರಿ ಕುದ್ದು ಹೋಗುತ್ತದೆ.

ಆಲ್ಟರ್ನೇಟರ್ ಪರೀಕ್ಷೆಗೆ ಅಂತ ಓಡುವ ಇಂಜಿನ್ನಿನ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಹಳೆಯ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ನಿಮ್ಮ ಬೋಟಿನಲ್ಲಿ ಅದಕ್ಕೆ ಬಿಡಬೇಡಿ. ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಮೇಲಕ್ಕೆ ಹಾರಿ ಡಯೋಡ್, ಇಂಜಿನ್ ಕಂಪ್ಯೂಟರ್ ಎರಡನ್ನೂ ಸುಡಬಹುದು. ಇಂಜಿನ್ ಓಡುವಾಗ ಬ್ಯಾಟರಿ ಸ್ವಿಚ್ಚನ್ನು ಆಫ್‌ಗೆ ತಿರುಗಿಸಿದರೂ ಇದೇ ಆಗುತ್ತದೆ. ಎರಡು ಬ್ಯಾಟರಿಯ ಸ್ವಿಚ್ಚಿನಲ್ಲಿ 1ರಿಂದ 2ಕ್ಕೆ ಹೋಗುವಾಗ ‘ಎರಡೂ’ ಅನ್ನುವ ಜಾಗದ ಮೂಲಕವೇ ಹೋಗಿ.

ನಿಂತಲ್ಲೇ ಬ್ಯಾಟರಿ ಇಳಿಯುವುದು

ನಮ್ಮ ಊರಿನ ಬೋಟುಗಳಲ್ಲಿ ಇದೇ ಜಾಸ್ತಿ. ಎಲ್ಲಾ ಆಫ್ ಮಾಡಿಟ್ಟಿದ್ದರೂ ತಿಂಗಳೆರಡು ತಿಂಗಳಲ್ಲಿ ಬ್ಯಾಟರಿ ಸತ್ತಿರುತ್ತದೆ. ಬರೀ 50 ಮಿಲಿಆಂಪಿಯರ್ ಸೋರಿದರೂ ದಿನಕ್ಕೆ 1.2 ಆಂಪಿಯರ್ ಅವರ್, 60 ದಿನಕ್ಕೆ 72. ಸಣ್ಣ ಬೋಟಿನ ಬ್ಯಾಟರಿ ಪೂರ್ತಿ ಖಾಲಿ. ಅರ್ಧ ಚಾರ್ಜಿನಲ್ಲಿ ಬಹಳ ದಿನ ನಿಂತ ಲೆಡ್ ಆಸಿಡ್ ಬ್ಯಾಟರಿ ಸಲ್ಫೇಟ್ ಆಗಿ ಶಾಶ್ವತವಾಗಿ ಶಕ್ತಿ ಕಳೆದುಕೊಳ್ಳುತ್ತದೆ.

ನೆಗೆಟಿವ್ ಕೇಬಲ್ ಕಳಚಿ, ಕೇಬಲ್ ಮತ್ತು ಪೋಸ್ಟ್ ಮಧ್ಯೆ ಮೊದಲು ಟೆಸ್ಟ್ ಬಲ್ಬ್ ಹಾಕಿ. ಬಲ್ಬ್ ಉರಿದರೆ ಏನೋ ದೊಡ್ಡದೇ ಓಡುತ್ತಿದೆ, ಮೀಟರ್ ಹಾಕಬೇಡಿ. ಉರಿಯದಿದ್ದರೆ ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಿಸಿ ಅದೇ ಜಾಗದಲ್ಲಿ ಹಾಕಿ. ಹಾಗೆ ಹಾಕಿಟ್ಟ ಮೀಟರಿನಲ್ಲಿ ಯಾರೂ ಕೀ ತಿರುಗಿಸಬಾರದು. ಬ್ಯಾಟರಿ ಸ್ವಿಚ್ ಆಫ್ ಇದ್ದಾಗ ಸೊನ್ನೆಯ ಹತ್ತಿರ ಇರಬೇಕು. ಜಾಸ್ತಿ ಇದ್ದರೆ ಬ್ಯಾಟರಿಗೆ ನೇರ ಜೋಡಿಸಿದ ವೈರುಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ಅದೇ ಕಳ್ಳ. ಸಾಮಾನ್ಯವಾಗಿ ಮ್ಯೂಸಿಕ್ ಸಿಸ್ಟಂನ ಮೆಮೊರಿ ವೈರ್, ಆಮೇಲೆ ಸೇರಿಸಿದ ಯುಎಸ್‌ಬಿ ಸಾಕೆಟ್, ಮೇಲೆಯೇ ಸಿಕ್ಕಿಕೊಂಡ ಫ್ಲೋಟ್ ಸ್ವಿಚ್.

ಫ್ಲೋಟ್ ಸ್ವಿಚ್ ಬಗ್ಗೆ ಇನ್ನೊಂದು ಮಾತು. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಟ್ರೇಲರ್ ಮೇಲಿನ ಬೋಟಿಗೆ ನೀರು ತುಂಬಿ, ಪಂಪ್ ರಾತ್ರಿಯಿಡೀ ಓಡಿ ಬ್ಯಾಟರಿ ಮುಗಿಸುತ್ತದೆ. ಟ್ರೇಲರ್ ಮೇಲೆ ಇರುವಷ್ಟು ದಿನ ತಳದ ಡ್ರೈನ್ ಪ್ಲಗ್ ತೆಗೆದಿಟ್ಟು, ಮೂತಿಯನ್ನು ಸ್ವಲ್ಪ ಮೇಲೆತ್ತಿ ನಿಲ್ಲಿಸಿ. ತೆಗೆದ ಪ್ಲಗ್ಗನ್ನು ಬೋಟಿನ ಕೀಗೇ ಕಟ್ಟಿಡಿ. ಅದಿಲ್ಲದೆ ನೀರಿಗೆ ಇಳಿಸಿದರೆ ಬೋಟು ಮುಳುಗುತ್ತದೆ.

ಒಂದು ಲೈಟ್ ಮಾತ್ರ ಮಂಕು

ಒಂದನ್ನು ಹಾಕಿದರೆ ಇನ್ನೊಂದು ಮಂಕಾಗುವುದು, ಲೈಟ್ ಹಾಕಿದ ಕೂಡಲೇ ಫ್ಯುಯೆಲ್ ಮೀಟರಿನ ಮುಳ್ಳು ಓಡಾಡುವುದು, ಇವೆಲ್ಲ ಎರಡಕ್ಕೂ ಸೇರಿದ ನೆಗೆಟಿವ್ ಜಾಯಿಂಟ್ ಕೆಟ್ಟಿರುವ ಲಕ್ಷಣ. ನೇರವಾಗಿ ಬಸ್ ಬಾರ್‌ಗೆ ಹೋಗಿ.

ಒಂದೇ ಲೈಟ್ ಮಂಕಾಗಿದ್ದರೆ ಲೈಟ್ ಉರಿಯುತ್ತಿರುವಾಗಲೇ ಅದರ ಎರಡು ವೈರುಗಳ ಮಧ್ಯೆ ಅಳೆದು, ಬ್ಯಾಟರಿಯ ಅಂಕಿಯ ಜೊತೆ ಹೋಲಿಸಿ. ಅಮೆರಿಕದಲ್ಲಿ ಬೋಟುಗಳಿಗೆ ಮಾನದಂಡ ರೂಪಿಸುವ ಎಬಿವೈಸಿ ಸಂಸ್ಥೆಯ ಪ್ರಕಾರ ನ್ಯಾವಿಗೇಷನ್ ಲೈಟಿನಂಥ ಮುಖ್ಯವಾದವಕ್ಕೆ 3%, ಅಂದರೆ ಸುಮಾರು 0.36 ವೋಲ್ಟಿಗಿಂತ ಜಾಸ್ತಿ ದಾರಿಯಲ್ಲಿ ಹೋಗಬಾರದು. ಅಷ್ಟೇನೂ ಮುಖ್ಯವಲ್ಲದವಕ್ಕೆ 10%. ಎಷ್ಟೋ ಸಲ ವೈರೇ ಸಣ್ಣದಿರುತ್ತದೆ. 5 ಮೀಟರ್ ದೂರಕ್ಕೆ, ಅಂದರೆ ಹೋಗಿ ಬಂದು 10 ಮೀಟರಿಗೆ, 5 ಆಂಪಿಯರ್ ಒಯ್ಯುವ 1 ಚದರ ಮಿಲಿಮೀಟರ್ ವೈರಿನಲ್ಲಿ 0.9 ವೋಲ್ಟ್ ಹತ್ತಿರ ಹೋಗುತ್ತದೆ. 2.5 ಹಾಕಿದರೆ 0.35. ಮನೆಯ ವೈರಿಂಗ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಲೆಕ್ಕಕ್ಕಿಲ್ಲ, ಇಲ್ಲಿ 12ರಲ್ಲಿ ಹೋಗುತ್ತದೆ.

ಫ್ಯೂಸ್ ಪದೇ ಪದೇ ಹೋದರೆ ದೊಡ್ಡ ಫ್ಯೂಸ್ ಹಾಕಬೇಡಿ. ಬಿಲ್ಜ್ ಪಂಪಿನದಾದರೆ ಅಡಿಯ ಜಾಲರಿ ಬಿಚ್ಚಿ ನೋಡಿ, ದಾರವೋ ಎಲೆಯೋ ಸಿಕ್ಕಿಕೊಂಡು ಮೋಟಾರ್ ನಿಂತಿರುತ್ತದೆ.

ಜಾಯಿಂಟ್ ಮಾಡುವ ಬಗೆ

ಟಿನ್ ಲೇಪಿಸಿದ, ಸಣ್ಣ ಸಣ್ಣ ಎಳೆಗಳ ತಾಮ್ರದ ವೈರ್ ತನ್ನಿ. ಮನೆಗೆ ಬಳಸುವ ಒಂದೇ ಗಟ್ಟಿ ಎಳೆಯ ವೈರ್ ಅಲುಗಾಡಿ ತುಂಡಾಗುತ್ತದೆ. ಲಗ್ಗನ್ನು ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಬೇಡಿ, ಸರಿಯಾದ ಕ್ರಿಂಪಿಂಗ್ ಟೂಲ್ ಬಳಸಿ. ದಪ್ಪ ಬ್ಯಾಟರಿ ಕೇಬಲ್ಲಿಗೆ ಹೈಡ್ರಾಲಿಕ್ ಕ್ರಿಂಪರ್ ಇರುವ ಅಂಗಡಿಯಲ್ಲೇ ಲಗ್ ಹಾಕಿಸಿ. ಕ್ರಿಂಪ್ ಆದ ಮೇಲೆ ಎರಡು ಕೈಯಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಜಾರಿದರೆ ಮತ್ತೆ ಮಾಡಿಸಿ. ಒಳಗೆ ಅಂಟು ಬಳಿದಿರುವ ಹೀಟ್ ಶ್ರಿಂಕ್ ಹಾಕಿ, ಬಿಸಿ ಮಾಡಿದಾಗ ಬಾಯಿಂದ ಅಂಟು ಸ್ವಲ್ಪ ಹೊರಗೆ ಬರಬೇಕು, ಆಗಲೇ ನೀರು ಒಳಗೆ ಹೋಗುವುದಿಲ್ಲ. ಇನ್ಸುಲೇಷನ್ ಟೇಪ್ ಸುತ್ತಿದರೆ ಒಳಗೆ ತೇವ ನಿಂತು ಇನ್ನೂ ಬೇಗ ಕೆಡುತ್ತದೆ. ಟರ್ಮಿನಲ್ಲನ್ನು ಮೊದಲು ಉಜ್ಜಿ, ಬಿಗಿದು, ಆಮೇಲೆ ಮೇಲಿನಿಂದ ವ್ಯಾಸಲೀನ್ ಹಚ್ಚಿ. ಸ್ಟಾರ್ಟರ್ ಕೇಬಲ್ ಬಿಟ್ಟು ಬ್ಯಾಟರಿಯಿಂದ ಹೊರಡುವ ಪ್ರತಿ ಪಾಸಿಟಿವ್ ವೈರಿಗೂ ಬ್ಯಾಟರಿಯಿಂದ 7 ಇಂಚಿನೊಳಗೆ ಫ್ಯೂಸ್ ಇರಲಿ.

ನೀರಿನ ಕೆಳಗಿನ ಆನೋಡ್, ಅಂದರೆ ಬೇರೆ ಲೋಹದ ಬದಲು ತಾನು ಸವೆಯುವ ಲೋಹದ ತುಂಡು, ಕೂಡ ಇದೇ ವ್ಯವಸ್ಥೆಯ ಭಾಗ. ಕಡಲಿಗೆ ಸತು ಸರಿ. ಆದರೆ ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಹಿನ್ನೀರಿನಲ್ಲೇ ಓಡಿಸುವವರು ಮೆಗ್ನೀಸಿಯಂ ಆನೋಡ್ ಹಾಕಿಸಿ. ಅದೇ ಬೋಟನ್ನು ಕಡಲಿಗೆ ಒಯ್ಯುವುದಾದರೆ ಬದಲಿಸಿಕೊಳ್ಳಿ, ಉಪ್ಪುನೀರಿನಲ್ಲಿ ಮೆಗ್ನೀಸಿಯಂ ಬಹಳ ಬೇಗ ಕರಗುತ್ತದೆ. ಆನೋಡಿಗೆ ಪೇಂಟ್ ಬಳಿಯಬಾರದು.

ದುರಸ್ತಿ ಮುಗಿದ ಮೇಲೆ ಪಾಸಿಟಿವ್ ಕಡೆಯ ಡ್ರಾಪ್, ನೆಗೆಟಿವ್ ಕಡೆಯ ಡ್ರಾಪ್, ಸೆಲ್ಫ್ ತಿರುಗುವಾಗಿನ ಬ್ಯಾಟರಿ ವೋಲ್ಟೇಜ್, ಇಂಜಿನ್ ಓಡುವಾಗಿನ ವೋಲ್ಟೇಜ್, ಈ ನಾಲ್ಕನ್ನೂ ಇನ್ನೊಮ್ಮೆ ಅಳೆದು, ತಾರೀಖಿನ ಜೊತೆ ಪ್ಯಾನೆಲ್ ಮುಚ್ಚಳದ ಒಳಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದಿಡಿ. ಮುಂದಿನ ಸಲ ಹೊರಡುವ ವಾರ ಮೊದಲೇ ಅಳೆದು ಈ ಅಂಕಿಗಳ ಜೊತೆ ಹೋಲಿಸಿ. 0.3 ಇದ್ದದ್ದು 0.6 ಆಗಿದ್ದರೆ ಆ ಕೇಬಲ್ಲನ್ನು ಎಸ್‌ಪಿ ರಸ್ತೆ ಹತ್ತಿರವಿರುವಾಗಲೇ ಬದಲಿಸಿ.